ಪರೀಕ್ಷೆಗೆ ಬೇಕಾದ ಕಸ

ಕುಮಟಾದ ಒಂದು ಕೇರಿಯ ಹೆಂಗಸರಿಗೆ ಚರಂಡಿ ಶುಚಿಮಾಡುವ, ಕಸ ಬೇರ್ಪಡಿಸುವ ತರಬೇತಿ ಕೊಟ್ಟು ಮುಗಿಸಿದ್ದೆ. ಹಾಜರಿ, ಫೋಟೊ ಎಲ್ಲವನ್ನೂ ಒಪ್ಪವಾಗಿ ಇಟ್ಟಿದ್ದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸಾದರೆ ಅವರಿಗೆ ಕೆಲಸ ಖಾತ್ರಿ. ಪರೀಕ್ಷಕರು ಬಂದು ನೋಡಿದರೆ ಚರಂಡಿ ಲಕಲಕ ಹೊಳೆಯುತ್ತಿತ್ತು. ಪಕ್ಕದಲ್ಲಿ ರಂಗೋಲಿ ಬೇರೆ!

"ಇದೆಂತ ಮಾಡಿಟ್ರಿ?" ಎಂದು ಗುಂಪಿನ ಮುಂದಾಳು ನಾಗವೇಣಿಯನ್ನು ಗದರಿದೆ.

"ದೊಡ್ಡೋರು ಬರ್ತ್ರು ಅಂದ್ರೆ ಗಲೀಜು ಇಟ್ಕಂಡು ಕೂತ್ಕಳೂಕಾತದಾ ಅಕ್ಕೋರೆ? ಬೆಳಿಗ್ಗೆನೇ ಎಲ್ಲಾ ಸೇರಿ ತೊಳೆದ್ವು."

"ಕಸ ಇಲ್ಲದೆ ಪರೀಕ್ಷೆ ಇಲ್ಲ. ಎಲ್ಲರೂ ನಪಾಸು" ಎಂದರು ಪರೀಕ್ಷಕರು. ಚರಂಡಿ ಸ್ವಚ್ಛವಾಗಿರುವುದೇ ಸಾಲದೇ ಎಂದರೆ, ತಾವು ಕಣ್ಣಾರೆ ಕಾಣದ ಕೆಲಸಕ್ಕೆ ಅಂಕವಿಲ್ಲವಂತೆ! ವಾದಿಸಿ ವಾದಿಸಿ ನನ್ನ ಗಂಟಲು ಒಣಗಿತು.

ಅಷ್ಟರಲ್ಲಿ ಚಹಾ, ಬನ್ಸ್ ಬಂತು. ಪರೀಕ್ಷಕರೂ ಅವರ ಜೊತೆಗಿದ್ದವರೂ ತಿಂದು ಕುಡಿದು, ಮಾತಿನ ಭರದಲ್ಲೇ ಕಾಗದದ ಕಪ್ಪು, ತಟ್ಟೆ, ನೀರಿನ ಬಾಟಲಿಗಳನ್ನು ಚರಂಡಿಗೆ ಎಸೆದರು.

ನಾಗವೇಣಿ ಕೈಗವಸು ಏರಿಸಿದಳು. "ಕಸ ಬಂತಲ ಸರ್, ಈಗ ಶುರು ಮಾಡ್ಲಾ?"

ಎಲ್ಲರೂ ಪಾಸು. ವರದಿಯಲ್ಲಿ 'ಪರೀಕ್ಷಾ ಸಾಮಗ್ರಿ ಒದಗಿಸಿದವರು' ಎಂಬಲ್ಲಿ ಪರೀಕ್ಷಕರ ಹೆಸರನ್ನೇ ಬರೆದು, ಅವರಿಂದಲೇ ಸಹಿ ಹಾಕಿಸಿಕೊಂಡೆ.