ಗೋಲು ಹೊಡೆದು ಸುಮ್ಮನೆ ನಿಂತವನು

ಅವನನ್ನು ಮನೆಗೆ ತಂದದ್ದು ನನ್ನ ಗಂಡನ ಹುಚ್ಚು. ನನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಇವರು ಬೆಳೆದದ್ದು ಬೆಂಗಳೂರಿನ ಹಲಸೂರಿನ ಹತ್ತಿರ, ಬೀದಿಗೊಂದು ಫುಟ್‌ಬಾಲ್ ತಂಡವಿದ್ದ ಕಡೆ. ಅಮೆರಿಕದ ಸುವಾನಿ ಎಂಬ ಈ ಊರಿಗೆ ಬಂದು ಇಪ್ಪತ್ತು ವರ್ಷವಾದರೂ ಆ ಚಟ ಬಿಟ್ಟಿರಲಿಲ್ಲ. ಕೋವಿಡ್ ಗಲಾಟೆ ತಣ್ಣಗಾದ ಮೇಲೆ ನಮ್ಮ ಕಡೆಯ ಒಂದು ಸಣ್ಣ ಕ್ಲಬ್ಬಿನ ಆಟಕ್ಕೆ ಇಬ್ಬರಿಗೂ ಸೀಸನ್ ಟಿಕೆಟ್ ತೆಗೆದುಕೊಂಡರು. ದೊಡ್ಡ ಲೀಗ್ ಏನಲ್ಲ, ಟೀವಿಯಲ್ಲಿ ಬರುವ ತಂಡಗಳಿಗಿಂತ ಎರಡು ಮೆಟ್ಟಿಲು ಕೆಳಗಿನದು. ಅಂಥ ಕ್ಲಬ್ಬುಗಳು ತಮ್ಮ ಆಟಗಾರರಲ್ಲಿ ಕೆಲವರನ್ನು ಊರಿನವರ ಮನೆಗಳಲ್ಲೇ ಇರಿಸುತ್ತವೆ. ಹಾಗೆ ಇರಿಸಿಕೊಂಡವರಿಗೆ ಹೋಸ್ಟ್ ಫ್ಯಾಮಿಲಿ ಎಂದು ಹೆಸರು. ನಮ್ಮ ಮಗಳು ಕೆಲಸ ಸಿಕ್ಕಿ ವಾಷಿಂಗ್ಟನ್‌ಗೆ ಹೋಗಿದ್ದಳು, ಅವಳ ಕೋಣೆ ಖಾಲಿ ಇತ್ತು. ಇವರು ಕ್ಲಬ್ಬಿನವರಿಗೆ ಮಾತು ಕೊಟ್ಟೇ ಬಂದರು.

"ಒಂದೇ ಸೀಸನ್ ಕಣೇ. ಪಾಪ, ಪೋರ್ಚುಗಲ್‌ನಿಂದ ಬರ್ತಿದಾನೆ. ಸ್ಟ್ರೈಕರ್, ಗೋಲ್ ಹೊಡೆಯೋನು."

"ಸ್ಟ್ರೈಕರ್ ಆದ್ರೇನು, ಗೋಲ್‌ಕೀಪರ್ ಆದ್ರೇನು? ಮಾಂಸ ಬೇಯಿಸಕ್ಕೆ ನನ್ನ ಪಾತ್ರೆ ಕೊಡಲ್ಲ. ಈಗ್ಲೇ ಹೇಳ್ಬಿಡಿ ಅವನಿಗೆ," ಎಂದೆ.

ಯಾರೋ ಕಾಲೇಜು ಹುಡುಗ ಬರುತ್ತಾನೆಂದು ನಾನು ಅಂದುಕೊಂಡಿದ್ದೆ. ಬಂದವನಿಗೆ ಮೂವತ್ತು ದಾಟಿತ್ತು, ಹಣೆಯ ಮೇಲಿನ ಕೂದಲು ಹಿಂದೆ ಸರಿಯತೊಡಗಿತ್ತು. ಬಾಗಿಲಲ್ಲಿ ನಮ್ಮ ಚಪ್ಪಲಿಗಳನ್ನು ನೋಡಿ, ಯಾರೂ ಹೇಳದೆಯೇ ತನ್ನ ಶೂ ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟ. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಮಾಂಸವನ್ನು ಹೊರಗೆ ತಿಂದು ಬರುತ್ತೇನೆ, ಮನೆಯಲ್ಲಿ ನೀವು ತಿನ್ನುವುದನ್ನೇ ಕೊಡಿ ಎಂದ. ಉಳಿದರ್ಧವೂ ಹೋಯಿತು.

ನಮ್ಮ ಕನ್ನಡದ ಗೆಳೆಯರ ಬಾಯಲ್ಲಿ ಅವನು 'ಪೋರ್ಚುಗಲ್' ಆಗಿಬಿಟ್ಟ. "ನಿಮ್ಮ ಪೋರ್ಚುಗಲ್ ಬರಲಿಲ್ವಾ?" ಎಂದು ಪಾಟ್‌ಲಕ್ ಊಟಗಳಲ್ಲಿ ಕೇಳುತ್ತಿದ್ದರು. ನಮ್ಮನ್ನು ನೋಡಿ ಹಿರಿಯರಿಗೆ ಕೈಮುಗಿಯುವುದನ್ನು ಕಲಿತಿದ್ದ. ನನ್ನನ್ನು ಆಂಟಿ, ಇವರನ್ನು ಅಂಕಲ್ ಎನ್ನುತ್ತಿದ್ದ.

ಅವನ ಆಟದ ಬದುಕಿನ ಕಥೆಯನ್ನು ನಾವು ಊಟದ ಮೇಜಿನಲ್ಲಿ ಕೇಳಿದೆವು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನ ಊರಿನ ಪತ್ರಿಕೆ ಅವನನ್ನು ನಾಳಿನ ತಾರೆ ಎಂದು ಬರೆದಿತ್ತಂತೆ. ಆಮೇಲೆ ಸೈಪ್ರಸ್, ರೊಮೇನಿಯಾ, ಲಕ್ಸೆಂಬರ್ಗ್, ಮತ್ತೆ ಸೈಪ್ರಸ್. ಒಂದೊಂದು ಕಡೆ ಒಂದು ವರ್ಷ, ಹೆಚ್ಚೆಂದರೆ ಎರಡು. ಸಿಟಿ ಬಸ್ಸಿನ ಸ್ಟಾಪುಗಳನ್ನು ಹೇಳುವ ಹಾಗೆ ಹೇಳಿದ, ಯಾರನ್ನೂ ದೂರಲಿಲ್ಲ.

ಹೆಂಡತಿ ಮತ್ತು ಆರು ವರ್ಷದ ಮಗಳು ಪೋರ್ಚುಗಲ್‌ನಲ್ಲೇ, ಕಡಲ ಪಕ್ಕದ ಒಂದು ಸಣ್ಣ ಊರಿನಲ್ಲಿದ್ದರು. ಹೋದ ಊರಿನಲ್ಲಿ ಮನೆ, ಶಾಲೆ ನೋಡುವಷ್ಟರಲ್ಲಿ ಇವನ ಕಾಂಟ್ರ್ಯಾಕ್ಟೇ ಮುಗಿದಿರುತ್ತಿತ್ತು. ಹಾಗಾಗಿ ಆ ಮಗು ಹುಟ್ಟಿದಾಗಿನಿಂದ ಮೂವರೂ ಒಂದು ಮನೆಯಲ್ಲಿ ಪೂರ್ತಿ ಒಂದು ವರ್ಷ ಇದ್ದದ್ದೇ ಇಲ್ಲ. ಇಲ್ಲಿ ಕ್ಲಬ್ಬಿನವರು ಎರಡನೇ ವರ್ಷಕ್ಕೂ ಇಟ್ಟುಕೊಂಡರೆ ಅವರಿಬ್ಬರನ್ನೂ ಕರೆಸಿಕೊಳ್ಳುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದ.

ದಿನಾ ಮಧ್ಯಾಹ್ನ ಪ್ರಾಕ್ಟೀಸ್ ಮುಗಿಸಿ ಬಂದು ಮಗಳಿಗೆ ವಿಡಿಯೋ ಕಾಲ್ ಮಾಡುತ್ತಿದ್ದ. ಆ ಮಗುವಿಗೆ ನಮ್ಮ ಮನೆಯ ಮೆಟ್ಟಿಲೆಂದರೆ ಪ್ರಾಣ. ಅವರದು ಪುಟ್ಟ ಫ್ಲ್ಯಾಟು, ಮನೆಯೊಳಗೇ ಮೆಟ್ಟಿಲಿರುವುದನ್ನು ಅದು ಕಂಡಿರಲಿಲ್ಲ. ಅಪ್ಪ ಫೋನ್ ಹಿಡಿದು ಹತ್ತಿ ಇಳಿದು ತೋರಿಸಬೇಕು, ಮತ್ತೆ ಹತ್ತಬೇಕು. ಬೆಳಗ್ಗೆಯೆಲ್ಲ ಓಡಿ ದಣಿದ ಕಾಲು. ಆದರೂ ಹತ್ತುತ್ತಿದ್ದ. ನಾನು ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದೆ. ಮೀಟಿಂಗಿನ ನಡುವೆ ಅವನ ಧಡಧಡ ಸದ್ದು ಕೇಳಿದರೆ ಬೇಸರವಾಗುವ ಬದಲು ಸಮಾಧಾನವಾಗುತ್ತಿತ್ತು.

ಒಂದು ಮ್ಯಾಚಿನ ದಿನ ಹೊಟ್ಟೆಗೆ ಹಗುರವಾಗಿ ಏನಾದರೂ ಕೊಡಿ ಎಂದ. ಮೊಸರನ್ನ ಕಲಸಿಕೊಟ್ಟೆ. ಅಂದು ಗೋಲು ಹೊಡೆದ. ಆಮೇಲೆ ಪ್ರತಿ ಮ್ಯಾಚಿಗೂ ಮೊಸರನ್ನ. ಆದರೆ ಗೋಲು ಬರಲಿಲ್ಲ. ನಾನು ಶುಂಠಿ ತೆಗೆದು ನೋಡಿದೆ, ದಾಳಿಂಬೆ ಹಾಕಿ ನೋಡಿದೆ. ಕೊನೆಗೊಂದು ದಿನ ಅವನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಉಪ್ಪು ಮತ್ತು ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಯಲ್ಲಿ ಸುಟ್ಟೆ. ಮನೆಯ ಸ್ಮೋಕ್ ಅಲಾರ್ಮ್‌ಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಅವನು ಕೆಮ್ಮುತ್ತಾ, ಟವೆಲ್ ಬೀಸುತ್ತಾ ನಗತೊಡಗಿದ. ತನ್ನ ಅಜ್ಜಿಯೂ ದೃಷ್ಟಿ ತೆಗೆಯುತ್ತಿದ್ದಳಂತೆ, ತಟ್ಟೆಯ ನೀರಿಗೆ ಎಣ್ಣೆಯ ಹನಿ ಬಿಟ್ಟು. ಅದರಲ್ಲಿ ಹೊಗೆ ಬರುವುದಿಲ್ಲ ಆಂಟಿ, ಎಂದ.

ಇವರು ಮಾತ್ರ ಅವನನ್ನು ಬಿಟ್ಟುಕೊಡಲಿಲ್ಲ. "ಗೋಲ್ ಒಂದೇ ಅಲ್ಲ ಕಣೇ. ಇಬ್ಬರು ಡಿಫೆಂಡರ್‌ಗಳನ್ನ ಎಳ್ಕೊಂಡು ಹೋಗ್ತಾನೆ, ಬೇರೆಯವರಿಗೆ ಜಾಗ ಮಾಡಿಕೊಡ್ತಾನೆ."

"ಮದುವೆಗೆ ಕರೆಸಿದ ಅಡುಗೆಯವನು ತರಕಾರಿ ಚೆನ್ನಾಗಿ ಹೆಚ್ಚಿದ ಅಂದ ಹಾಗಾಯ್ತು," ಎಂದೆ. ಹಾಗೆಂದದ್ದು ಅವನ ಮೇಲಿನ ಸಿಟ್ಟಿನಿಂದಲ್ಲ. ಕ್ಲಬ್ಬಿನವರು ಹಾಗೆಯೇ ಲೆಕ್ಕ ಹಾಕುತ್ತಾರೆಂಬ ಭಯವಿತ್ತು.

ಭಯಪಟ್ಟ ಹಾಗೆಯೇ ಆಯಿತು. ಅಕ್ಟೋಬರ್‌ನಲ್ಲಿ ಸೀಸನ್ ಮುಗಿದ ವಾರ ಅವನನ್ನು ಕರೆದು ಹತ್ತು ನಿಮಿಷ ಮಾತಾಡಿ, ಮುಂದಿನ ವರ್ಷಕ್ಕೆ ಬೇಡವೆಂದು ಕೈಕುಲುಕಿ ಕಳಿಸಿದರು. ಮನೆಗೆ ಬಂದು ನಮಗೆ ಸುದ್ದಿ ಹೇಳಿ, ಊಟಕ್ಕೆ ತಟ್ಟೆ ಹಾಕಿದ. ನನಗೆ ಮೈಯೆಲ್ಲ ಉರಿಯಿತು.

"ಆ ಕೋಚ್ ನಂಬರ್ ಕೊಡಿ. ನಾನು ಮಾತಾಡ್ತೀನಿ."

"ಏನಂತ ಮಾತಾಡ್ತೀಯ? ಮೊಸರನ್ನ ತಿಂದ್ಕೊಂಡು ಒಳ್ಳೆ ಹುಡುಗನ ಥರ ಇದಾನೆ, ಇಟ್ಕೊಳ್ಳಿ ಅಂತಾನಾ?" ಎಂದರು ಇವರು. ಅವರ ಮುಖವೂ ಸಪ್ಪಗಿತ್ತು.

ಮರುದಿನ ಮಧ್ಯಾಹ್ನ ಮೆಟ್ಟಿಲ ಸದ್ದು ಕೇಳಲಿಲ್ಲ. ಹೊರಗೆ ಬಂದು ನೋಡಿದರೆ ಫೋನ್ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಮಗಳಿಗೆ ಹೇಗೆ ಹೇಳಲಿ ಎಂದು ಕೇಳಿದ. ನನಗೆ ಅಳು ಬಂತು. ನಮ್ಮ ಎಚ್-ಒನ್ ವೀಸಾದ ದಿನಗಳಲ್ಲಿ ನಾವೂ ಹೀಗೆಯೇ, ಮುಂದಿನ ವರ್ಷ ಇಲ್ಲಿರುತ್ತೇವೋ ಇಲ್ಲವೋ ಎಂದು ಮಗಳ ಮುಂದೆ ಪಿಸುಮಾತಿನಲ್ಲಿ ಆಡಿಕೊಂಡಿದ್ದೆವು. ಆದರೆ ನಾವು ಮೂವರೂ ಒಂದೇ ಸೂರಿನಡಿ ಇದ್ದೆವು. ಒಂದು ಲೋಟ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತೆ.

ಅವನು ಊರಿಗೆ ಹೋದ. ಜನವರಿಯಲ್ಲಿ ಫೋನ್ ಬಂತು. ಸೌತ್ ಕ್ಯಾರೊಲೈನಾದ ಒಂದು ಕ್ಲಬ್ಬು ಅವನನ್ನು ತೆಗೆದುಕೊಂಡಿತ್ತು, ಮತ್ತೆ ಒಂದೇ ವರ್ಷಕ್ಕೆ. ಆದರೆ ಈ ಸಲ ಒಂದು ಷರತ್ತಿತ್ತು: ಸೀಸನ್ನಿನಲ್ಲಿ ಹತ್ತು ಗೋಲು ಹೊಡೆದರೆ ಮುಂದಿನ ಎರಡು ವರ್ಷದ ಕಾಂಟ್ರ್ಯಾಕ್ಟ್ ತಾನಾಗಿಯೇ ಸಿಗುತ್ತದೆ. ಸಿಕ್ಕಿದರೆ ಹೆಂಡತಿ ಮಗಳು ಬರುತ್ತಾರೆ. ಇದು ಕೊನೆಯ ಸಲ ಆಂಟಿ, ಆಗದಿದ್ದರೆ ಆಟ ಬಿಟ್ಟು ಊರಿನಲ್ಲಿ ಬೇರೆ ಕೆಲಸ ನೋಡುತ್ತೇನೆ ಎಂದ.

ಆ ವರ್ಷವೆಲ್ಲ ನಾನು ಫೋನಿನಲ್ಲಿ ಆ ತಂಡದ ಸ್ಕೋರ್ ನೋಡಿದೆ. ಫುಟ್‌ಬಾಲಿನ ಗಂಧವಿಲ್ಲದ ನಾನು, ಒಗ್ಗರಣೆ ಸೀದು ಹೋಗುವವರೆಗೂ ನೋಡುತ್ತಿದ್ದೆ. ಅಕ್ಟೋಬರ್ ಬರುವ ಹೊತ್ತಿಗೆ ಅವನ ಗೋಲು ಒಂಬತ್ತಾಗಿತ್ತು. ಉಳಿದದ್ದು ಒಂದು ಮ್ಯಾಚು, ಅದೂ ನಮ್ಮ ಊರಿನ ಕ್ಲಬ್ಬಿನ ಮೇಲೆ, ನಮ್ಮ ಗ್ರೌಂಡಿನಲ್ಲಿ. ನಮ್ಮವರು ಗೆದ್ದರೆ ಮಾತ್ರ ಪ್ಲೇಆಫ್ ಎಂಬ ಕೊನೆಯ ಸುತ್ತಿಗೆ ಹೋಗುತ್ತಿದ್ದರು. ಇವರು ಅದಕ್ಕಾಗಿ ವರ್ಷಗಳಿಂದ ಕಾದಿದ್ದರು.

ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಸ್ಕಾರ್ಫ್ ಸುತ್ತಿಕೊಂಡು ಡ್ರೈವ್ ಮಾಡುತ್ತಾ ಇವರು, "ನಾವು ಎರಡು ಹೊಡೆದು, ಅವರು ಒಂದು ಹೊಡೆದು, ಆ ಒಂದನ್ನ ಇವನು ಹೊಡೆದ್ರೆ ಎಲ್ರಿಗೂ ಸರಿಹೋಗತ್ತೆ," ಎಂದರು.

"ದೇವರೇನು ನಿಮ್ಮ ಅಸಿಸ್ಟೆಂಟ್ ಕೋಚಾ?" ಎಂದೆ. ನನ್ನ ತೊಡೆಯ ಮೇಲೆ ಮೊಸರನ್ನದ ಡಬ್ಬಿಯಿತ್ತು. ಹೊರಗಿನ ಊಟ ಒಳಗೆ ಬಿಡುವುದಿಲ್ಲವಾದ್ದರಿಂದ, ಮ್ಯಾಚ್ ಮುಗಿದ ಮೇಲೆ ಕೊಡೋಣವೆಂದು ಅದನ್ನು ಕಾರಿನಲ್ಲೇ ಬಿಟ್ಟೆವು.

ಮೊದಲು ನಮ್ಮವರು ಒಂದು ಹೊಡೆದರು, ಆಮೇಲೆ ಅವರು. ಆದರೆ ಅದನ್ನು ಹೊಡೆದವನು ಬೇರೆ ಯಾರೋ. ಇವರ ಲೆಕ್ಕ ಅಲ್ಲೇ ಕೆಟ್ಟಿತು. ಒಂದು-ಒಂದರಲ್ಲೇ ಆಟ ಕೊನೆಯ ನಿಮಿಷಗಳಿಗೆ ಬಂತು. ಆಗ ಅವರಿಗೊಂದು ಕಾರ್ನರ್ ಕಿಕ್. ಚೆಂಡು ಗುಂಪಿನ ನಡುವೆ ಪುಟಿದು, ಅವನ ಮೊಣಕಾಲಿಗೆ ತಗುಲಿ ಒಳಗೆ ಹೋಯಿತು. ಅಂದದ ಗೋಲೇನಲ್ಲ. ಆದರೆ ಹತ್ತನೆಯದು.

ಇಡೀ ಸ್ಟೇಡಿಯಂ ಸುಮ್ಮನಾಯಿತು. ಅವನ ತಂಡದವರು ಓಡಿಬಂದು ಮೇಲೆ ಬಿದ್ದರು. ಅವನು ಅವರನ್ನು ಮೆಲ್ಲಗೆ ಸರಿಸಿ, ಓಡದೆ, ಕೂಗದೆ, ನಾವು ಕೂರುವ ಸ್ಟ್ಯಾಂಡಿನ ಕಡೆ ತಿರುಗಿ ಎರಡೂ ಕೈ ಜೋಡಿಸಿ ನಿಂತ.

"ಏನಾಯ್ತು ಇವನಿಗೆ? ಗೋಲ್ ಅಲ್ವಂತಾ?"

"ಗೋಲೇ ಕಣೇ. ಹಿಂದೆ ಆಡಿದ ಕ್ಲಬ್ ಮೇಲೆ ಹೊಡೆದಾಗ ಕುಣಿಯಲ್ಲ. ಅದೊಂದು ಮರ್ಯಾದೆ. ಅನ್ನ ಹಾಕಿದವರು ಅಂತ," ಎಂದರು ಇವರು. ಸ್ಕಾರ್ಫಿನ ತುದಿಯಿಂದ ಕಣ್ಣೊರೆಸಿಕೊಂಡರು. ಪ್ಲೇಆಫ್ ಕೈತಪ್ಪಿದ್ದಕ್ಕೋ ಅವನಿಗಾಗಿಯೋ, ನಾನು ಕೇಳಲಿಲ್ಲ.

"ಅನ್ನ ಹಾಕಿದ್ದು ಕ್ಲಬ್ಬಾ, ನಾನಾ?" ಎಂದೆ. ಎಂದವಳೇ ಎದ್ದು ನಿಂತೆ. ಅವನು ಕುಣಿಯಬಾರದಿದ್ದರೆ ಬೇಡ, ನನಗಂಥ ಕಟ್ಟುಪಾಡೇನೂ ಇರಲಿಲ್ಲ. ದುಪಟ್ಟಾ ತೆಗೆದು ತಲೆಯ ಮೇಲೆ ಬೀಸುತ್ತಾ, ಗಂಟಲು ಬಿರಿಯುವ ಹಾಗೆ ಕೂಗಿದೆ. ನಮ್ಮ ಮುಂದಿನ ಸಾಲಿನಲ್ಲಿ ಎರಡು ವರ್ಷದಿಂದ ಕೂರುತ್ತಿದ್ದ ಹಿರಿಯರೊಬ್ಬರು, ಪ್ರತಿ ಮ್ಯಾಚಿಗೂ ನಮಗೆ ಪಾಪ್‌ಕಾರ್ನ್ ಹಂಚುತ್ತಿದ್ದವರು, ತಿರುಗಿ ನೋಡಿ ಕೇಳಿದರು, ನೀನು ಯಾರ ಕಡೆಯಮ್ಮಾ ಎಂದು.

"ಅವನ ಮಗಳ ಕಡೆ," ಎಂದೆ.

ಅವರಿಗೆ ಏನೂ ಅರ್ಥವಾಗಲಿಲ್ಲ. ಇವರು ಕೊರಳಿನ ಸ್ಕಾರ್ಫ್ ಬಿಚ್ಚಿ, ಮಡಿಸಿ ಸೀಟಿನ ಮೇಲಿಟ್ಟು, ನನ್ನ ಪಕ್ಕದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.