ಹುಣ್ಣಿಮೆಗೊಮ್ಮೆ ತೋಳವಾಗುವ ಹುಡುಗ

ನಗಬೇಡಿ ಗೆಳೆಯರೇ. ಇವತ್ತು ಸಂಜೆ ಸಪ್ತಾಪುರದ ನಮ್ಮ ಮನೆಯಲ್ಲಿ ಅತ್ತೆ, ಪಿಯುಸಿ ಓದುವ ಮಗಳು, ನಾನು ಟಿವಿ ನೋಡುತ್ತಿದ್ದೆವು. ಧಾರಾವಾಹಿಯ ಹುಡುಗ ಹುಣ್ಣಿಮೆಗೊಮ್ಮೆ ತೋಳವಾಗುತ್ತಾನೆ. ಅವನ ಪ್ರೇಮಕ್ಕೆ ಹುಡುಗಿಯ ಅಪ್ಪ ಒಪ್ಪುತ್ತಿಲ್ಲ. ಅತ್ತೆಗೆ ಸಿಟ್ಟು ಬಂತು.

“ಹುಣ್ಣಿವಿಗೊಮ್ಮೆ ತೋಳ ಆದ್ರ ಏನಾತು? ಉಳದ ದಿನಾ ಛಲೋ ಅದಾನಲ್ಲಾ! ಲಿಂಗಾ ಕಟ್ಟಿಸಿದ್ರ ಅದೂ ಬಿಟ್ಟ ಹೋಗ್ತದ. ಹುಡಿಗೀನ ಕೊಟ್ಟಬಿಡಬೇಕು.”

ಮಗಳು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು: “ನನ್ನ ಕ್ಲಾಸಿನ ಸಲೀಮ ಹುಣ್ಣಿವಿಗೂ ಮನಷ್ಯಾನ ಇರ್ತಾನ, ಅಜ್ಜಿ.”

ಅತ್ತೆ ಬಾಯಿ ತೆರೆಯುವ ಮೊದಲೇ ಟಿವಿ ಆಫ್ ಆಯಿತು. ರಿಮೋಟು ನನ್ನ ಕೈಯಲ್ಲಿತ್ತು.

ಮಗಳು ಕೋಣೆಯ ಚಿಲಕ ಹಾಕಿಕೊಂಡಿದ್ದಾಳೆ, ಊಟಕ್ಕೂ ಬಂದಿಲ್ಲ. ನಾಳೆ ನಾನು ಕನ್ನಡ ಕಲಿಸುವ ಕಾಲೇಜಿನಲ್ಲಿ ಮೊದಲ ಪೀರಿಯಡ್ ನನ್ನದೇ, ವಚನಗಳ ಪಾಠ.