ಸಾಲಿನ ಕಟ್ಟಕಡೆಯಲ್ಲಿ ಆರ್ಲಿಸ್

ಸೂರ್ಯ ಇನ್ನೂ ಮೆಕ್ಕೆಜೋಳದ ಹೊಲಗಳ ಆಚೆಗೇ ಇದ್ದಾನೆ. ಅಮೆರಿಕದ ಅಯೋವಾ ರಾಜ್ಯದ ಮೂಲೆಯ ಈ ಪುಟ್ಟ ಲೂಥರನ್ ಚರ್ಚಿನ ಹಿಂದೆ, ಹಳೆಯ ಸ್ಮಶಾನದಲ್ಲಿ, ಆರ್ಲಿಸ್ ಬ್ರೆಕ್ಕೆ ಹುಲ್ಲು ಕೊಯ್ಯುವ ಯಂತ್ರ ತಳ್ಳುತ್ತ ಎದೆಮಟ್ಟದ ಹುಲ್ಲಿನ ನಡುವೆ ಕಾಲುದಾರಿ ಬಿಡಿಸುತ್ತಿದ್ದಾರೆ. ದಾರಿ ನೆಟ್ಟಗಿಲ್ಲ. ಹೂ ಬಿಟ್ಟ ಗಿಡ ಎದುರಾದಲ್ಲೆಲ್ಲ ಪಕ್ಕಕ್ಕೆ ಸರಿದು, ಕುಡಿದವನು ಮನೆಗೆ ಹೋದ ಹಾದಿಯಂತಿದೆ.

"ಪಾದ್ರಿಗಳು ಕೇಳಿದ್ರು, ಏನಮ್ಮ, ಬೆಳಗ್ಗೆ ಬೆಳಗ್ಗೇನೇ ಹಾಕ್ಕೊಂಡಿದೀಯಾ ಅಂತ. ಹೂಂ, ಕಾಫಿ ಅಂದೆ" ಎನ್ನುತ್ತಾರೆ ಆರ್ಲಿಸ್. ಯಂತ್ರ ನಿಲ್ಲುತ್ತದೆ. ಅಷ್ಟು ಹೊತ್ತು ಅದರ ಸದ್ದಿನಡಿ ಮುಚ್ಚಿಹೋಗಿದ್ದ ಹಕ್ಕಿಗಳ ಪಾರಾಯಣ ಮೆಲ್ಲಗೆ ಮೇಲೇಳುತ್ತದೆ.

ಅರವತ್ತಾರರ ಈ ಹೆಂಗಸು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಯ ಮಾಂಸದ ಕಾರ್ಖಾನೆಯಲ್ಲಿ ಚಾಕು ಹಿಡಿದವರು. ಮಣಿಕಟ್ಟು ಕೈಕೊಟ್ಟ ಮೇಲೆ ಸ್ಮಶಾನದ ಕೆಲಸಕ್ಕೆ ಬಂದರು. ಚಳಿಗಾಲದಲ್ಲಿ ಹಿಮ ತಳ್ಳುವುದು, ಬೇಸಿಗೆಯಲ್ಲಿ ಹುಲ್ಲು ಕೊಯ್ಯುವುದು. "ಇಲ್ಲಿರೋರು ಒಳ್ಳೆ ಜನ. ಒಬ್ಬರೂ ದೂರು ಹೇಳಲ್ಲ. ದೂರು ಹೇಳೋರೆಲ್ಲ ಭೂಮಿ ಮೇಲೇ ಓಡಾಡ್ಕೊಂಡಿದಾರೆ."

ಬೇಸಿಗೆಯ ಶನಿವಾರಗಳಲ್ಲಿ ಇಲ್ಲಿ ಹೂವು, ಹುಳು ನೋಡುವ ನಡಿಗೆ ಇರುತ್ತದೆ. ಮುಂದೆ ನಿವೃತ್ತ ಮೇಷ್ಟ್ರು ಕರ್ಟ್ ರಿಂಗ್‌ಡಾಲ್. ಊರಿನ ಪತ್ರಿಕೆಯಲ್ಲಿ ಫೋಟೋ ಬರುವುದು ಅವರದು. ಹಿಂದೆ, ಸಾಲಿನ ಕಟ್ಟಕಡೆಯಲ್ಲಿ, ಆರ್ಲಿಸ್. ಬಿದ್ದ ಟೋಪಿ ಎತ್ತಿಕೊಡುವುದು, ಸುಸ್ತಾದವರಿಗೆ ನೀರು ಕೊಡುವುದು, ನಾಚಿಕೆಯಿಂದ ಯಾರೂ ಕೇಳದ "ಶೌಚಾಲಯ ಎಲ್ಲಿ?" ಎಂಬ ಪ್ರಶ್ನೆಗೆ ಕೇಳುವ ಮೊದಲೇ ಕೈತೋರಿಸಿ ಉತ್ತರ ಕೊಡುವುದು ಅವರ ಪಾಲಿನ ಸೇವೆ.

ಇಂದಿನ ನಡಿಗೆ ಮಾತ್ರ ಎಂದಿನಂಥದ್ದಲ್ಲ. ಸುತ್ತಲ ನೆಲವೆಲ್ಲ ನೇಗಿಲಿಗೆ ಸಿಕ್ಕರೂ ಸತ್ತವರಿಗೆಂದು ಬಿಟ್ಟಿದ್ದರಿಂದ ಉಳಿದ ಹುಲ್ಲುಗಾವಲು ಇದು. ಇದನ್ನು ಸಂಪೂರ್ಣ ಕೊಯ್ಯಿಸಿಬಿಡಬೇಕೆಂದು ಸ್ಮಶಾನ ಸಮಿತಿಯ ಅಧ್ಯಕ್ಷ, ಎಂಬತ್ತೊಂದರ ವರ್ಲಿನ್ ಸ್ಕಾರ್ ಪಟ್ಟುಹಿಡಿದಿದ್ದಾರೆ. "ನಮ್ಮಜ್ಜಿ ಕಳೆ ಒಳಗೆ ಮಲಗಿದಾಳೆ. ನೋಡಿದೋರು ಏನಂದ್ಕೋತಾರೆ?" ಎಂಬುದು ಅವರ ವಾದ. ಕಣ್ಣಾರೆ ನೋಡಿ, ನಡಿಗೆ ಮುಗಿದ ಮೇಲೆ ತೀರ್ಮಾನ ಹೇಳುತ್ತೇನೆಂದು ಬಂದಿದ್ದಾರೆ. ಕೊಯ್ಯಿ ಎಂದರೆ ಸೋಮವಾರ ದೊಡ್ಡ ಯಂತ್ರ ಹತ್ತಬೇಕಾದವರು ಆರ್ಲಿಸ್. "ಬೇರೆ ಯಾರಿದಾರೆ? ದಾರಿ ಮಾಡಿದ ಕೈಯಲ್ಲೇ ಎಲ್ಲಾನೂ ಸವರಬೇಕು" ಎಂದು ಅವರು ಕೈಗವಸು ಕಳಚುತ್ತಾರೆ.

ಅಧ್ಯಕ್ಷರಿಗಾಗಿಯೇ ಕರ್ಟ್ ವಾರವಿಡೀ ತಯಾರಿ ಮಾಡಿಕೊಂಡಿದ್ದಾರೆ. ಆದರೆ ಅಧ್ಯಕ್ಷರದು ಹೊಸದಾಗಿ ಕೂರಿಸಿದ ಮಂಡಿಚಿಪ್ಪು. ಕರ್ಟ್ ಮೂರನೆಯ ಹೂವನ್ನು ವಿವರಿಸುವ ಹೊತ್ತಿಗೆ ಇವರು ಜಾರಿ ಜಾರಿ ಸಾಲಿನ ಕೊನೆಗೆ, ಆರ್ಲಿಸ್ ಪಕ್ಕಕ್ಕೆ, ಬಂದಿದ್ದಾರೆ. ಮೊದಲನೆಯ ಹೂವಿಗೇ ಕಿವಿಯ ಶ್ರವಣಯಂತ್ರವನ್ನೂ ಬಂದ್ ಮಾಡಿಕೊಂಡಿದ್ದಾರೆ.

ಅಜ್ಜಿಯ ಸಮಾಧಿಕಲ್ಲಿನ ಹತ್ತಿರ ಎಕ್ಕದ ಬಳಗದ ಗಿಡವೊಂದು ಹೂ ತುಂಬಿ ನಿಂತಿದೆ. ಆರ್ಲಿಸ್ ಅದರ ಎಲೆಯಿಂದ ಕಪ್ಪು ಚುಕ್ಕೆಯ ಕೆಂಪು ದುಂಬಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ಅಧ್ಯಕ್ಷರ ಕಿವಿಯ ಬಳಿ ಒಯ್ಯುತ್ತಾರೆ.

"ಏನೇ ಇದು, ಕಿವಿಗೆ ಹುಳ ಬಿಡ್ತೀಯಾ?"

ಆರ್ಲಿಸ್ ಅವರ ಕಿವಿಯತ್ತ ಬೊಟ್ಟು ಮಾಡುತ್ತಾರೆ. ವರ್ಲಿನ್ ಗೊಣಗುತ್ತಲೇ ಯಂತ್ರ ಚಾಲೂ ಮಾಡುತ್ತಾರೆ. ಬೆರಳ ನಡುವಿನ ದುಂಬಿ ಕಿರ್‌ಕಿರ್ ಎನ್ನುತ್ತಿದೆ.

"ಯಾರಿಗೆ ಬೈತಿದೆ?"

"ನಿಮಗೇ. ಊಟಕ್ಕೆ ಕೂತಿದ್ದನ್ನ ಎಬ್ಬಿಸಿದ್ವಲ್ಲ."

ವರ್ಲಿನ್ ಬಾಗಿ ಇನ್ನೂ ಹತ್ತಿರ ಬರುತ್ತಾರೆ. "ನಮ್ಮ ಇಂಗಾ ಅಜ್ಜೀನೂ ಹೀಗೇ ಕಣೇ. ಬೂಟು ಹಾಕ್ಕೊಂಡು ಅಡುಗೆಮನೆಗೆ ಬಂದ್ರೆ ಇದೇ ರಾಗ. ನಿಲ್ಲಿಸ್ತಾನೇ ಇರ್ಲಿಲ್ಲ." ದುಂಬಿಗೆ ಇನ್ನೊಮ್ಮೆ ಕಿವಿಗೊಟ್ಟು, "ಇದನ್ನ ಬಿಡು, ಪಾಪ. ಇನ್ನೊಂದು ಹಿಡಿ" ಎನ್ನುತ್ತಾರೆ.

ಅತ್ತ ಕರ್ಟ್, ಇಲ್ಲಿನ ಬೇರುಗಳು ಸಮಾಧಿಗಳಿಗಿಂತ ಆಳಕ್ಕಿಳಿದಿವೆ ಎನ್ನುತ್ತ, "ಇದನ್ನು ಅಧ್ಯಕ್ಷರು ವಿಶೇಷವಾಗಿ ಗಮನಿಸಬೇಕು" ಎಂದು ತಿರುಗಿದರೆ ಅಧ್ಯಕ್ಷರೇ ಇಲ್ಲ. ದೂರದಲ್ಲಿ ಅಜ್ಜಿಯ ಕಲ್ಲಿಗೆ ಕೈಯೂರಿ, ಕಿವಿಗೆ ದುಂಬಿ ಹಿಡಿದು ನಿಂತಿದ್ದಾರೆ, ದೂರವಾಣಿಯಲ್ಲಿ ಮಾತಾಡುತ್ತಿರುವವರಂತೆ.

ನಡಿಗೆ ಮುಗಿದು ಎಲ್ಲರೂ ಚರ್ಚಿನ ನೆರಳಿನಲ್ಲಿ ಕಾಫಿಗೆ ಸೇರುತ್ತಾರೆ. ತೀರ್ಮಾನ ಏನೆಂದು ಯಾರೂ ಕೇಳುವುದಿಲ್ಲ. ಈ ಊರಲ್ಲಿ ಹಾಗೆ ಕೇಳುವ ಪದ್ಧತಿಯಿಲ್ಲ. ಹವಾಮಾನದ ಮಾತು ಎರಡು ಸುತ್ತು ಬರುತ್ತದೆ. ವರ್ಲಿನ್ ಕೇಕಿನ ತುಂಡು ಅಗಿದು, ನುಂಗಿ, ಹುಲ್ಲಿನತ್ತ ನೋಡುತ್ತಾರೆ.

"ತೀರಾ ಕೆಟ್ಟದಾಗೇನಿಲ್ಲ."

ಕಾಫಿ ಲೋಟಗಳು ಬಾಯಿಯ ಬಳಿಯೇ ನಿಲ್ಲುತ್ತವೆ. ಇಲ್ಲಿಯವರು ಸೊಸೆ ತಂದಾಗ, ಕಣಜ ತುಂಬಿದಾಗ ಮಾತ್ರ ಬಳಸುವ ಹೊಗಳಿಕೆ ಇದು. ಇದರಾಚೆಗೆ ಇವರಲ್ಲಿ ಪದವಿಲ್ಲ. ಕರ್ಟ್ ಕುರ್ಚಿ ಹುಡುಕಿ ಕೂರುತ್ತಾರೆ.

"ಅಜ್ಜಿ ಹೆಸರು ಮಾತ್ರ ಕಾಣೋ ಹಾಗಿರ್ಲಿ, ಆರ್ಲಿಸ್" ಎಂದು ವರ್ಲಿನ್ ಮುಂದುವರಿಸುತ್ತಾರೆ. "ಕಲ್ಲಿನ ಮುಂದೆ ಒಂದು ಮೊಳ ಕೈಯಲ್ಲೇ ಕೊಯ್ಯಿ. ಆ ಬೈಯೋ ಹುಳದ ಗಿಡ ಮುಟ್ಟಬೇಡ. ಅಜ್ಜಿಗೂ ಜೊತೆ ಬೇಕಲ್ಲ."

"ಆಗ್ಲಿ" ಎನ್ನುತ್ತಾರೆ ಆರ್ಲಿಸ್, ಅಷ್ಟೇ. ಅಧ್ಯಕ್ಷರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ಕೇಕಿನ ಇನ್ನೊಂದು ತುಂಡನ್ನೂ ಮುಂದಿಡುತ್ತಾರೆ.

ಮುಂದಿನ ಶನಿವಾರ ನನ್ನ ಜೊತೆ ಮುಂದೆ ನಡಿ, ಎಲ್ಲರಿಗೂ ಪರಿಚಯ ಮಾಡಿಸುತ್ತೇನೆ ಎಂದು ಕರ್ಟ್ ಒತ್ತಾಯಿಸುತ್ತಾರೆ. ಆರ್ಲಿಸ್ ಒಪ್ಪುವುದಿಲ್ಲ. "ಜನರ ಕತ್ತಿಗೆ ಉಣ್ಣಿ ಹತ್ತಿದ್ದು ಹಿಂದಿರೋರಿಗೆ ತಾನೇ ಕಾಣೋದು?" ಎನ್ನುತ್ತ ಜೇಬಿನಿಂದ ಚಿಮುಟ ತೆಗೆದು ಅಧ್ಯಕ್ಷರ ಕಾರಿನತ್ತ ಹೊರಡುತ್ತಾರೆ.

ವರ್ಲಿನ್ ಕಾರಿಗೆ ಕೈಯೂರಿ, ಕಾಲರ್ ಕೆಳಗೆಳೆದು, ಮಗುವಿನಂತೆ ತಲೆ ಬಗ್ಗಿಸಿ ನಿಲ್ಲುತ್ತಾರೆ. ಉಣ್ಣಿ ತೆಗೆದು ಮರಳಿದ ಆರ್ಲಿಸ್ ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ಆ ಮನುಷ್ಯನ್ನ ತಲೆ ಬಗ್ಗಿಸಿ ನಿಲ್ಲಿಸೋದು ಪಾದ್ರಿಗಳ ಕೈಲೂ ಆಗಿರ್ಲಿಲ್ಲ."